2⁶⁷ − 1 ಅನ್ನು ಸ್ಪ್ರೆಡ್‌ಶೀಟಿನಲ್ಲೇ ಒಡೆದದ್ದು: ನನ್ನ ಅನುಭವ

147573952589676412927. ಇಪ್ಪತ್ತೊಂದು ಅಂಕಿ. ಸ್ಪ್ರೆಡ್‌ಶೀಟು ಹದಿನೈದರ ಆಚೆಗೆ ಸೊನ್ನೆ ತೋರಿಸುತ್ತದೆ, ಅದರಲ್ಲಿ ಇದನ್ನು ಅಪವರ್ತಿಸುವುದು ಆಗದ ಮಾತು ಅಂದವರೇ ಹೆಚ್ಚು. ಆಯಿತು. ಈ ಸಂಖ್ಯೆಯನ್ನು ಯಾವ ಸೆಲ್ಲಿಗೂ ಹಾಕಬೇಕಾಗಿಯೇ ಇಲ್ಲ.

ಈ ಸಂಖ್ಯೆಯ ಯಾವುದೇ ಭಾಜಕ ಭ = 134ಕ + 1 ರೂಪದಲ್ಲೇ ಇರುತ್ತದೆ (134 = 2 × 67, ಕ ಪೂರ್ಣಸಂಖ್ಯೆ); ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಹಾಗಾಗಿ ಕ 4ರ ಗುಣಕ, ಇಲ್ಲವೇ ಅದಕ್ಕಿಂತ ಒಂದು ಹೆಚ್ಚು; ಉಳಿದ ಅರ್ಧ ಬಿಟ್ಟುಬಿಡಿ. 67 = 2 × 33 + 1, ಅಂದರೆ 2⁶⁷ = 2 × (2³³)². 2³³ ಬರೀ ಹತ್ತಂಕಿ. ಅದನ್ನು ಭ-ದಿಂದ ಭಾಗಿಸಿದ ಶೇಷ ಶ. 2ಶ²ದ ಶೇಷ 1 ಬಂದರೆ ಭಾಜಕ ಸಿಕ್ಕಿತು. ಒಂದೊಂದು ಕ-ಗೆ ಒಂದು ಸಾಲು, ಸಾಲಿಗೆ ಒಂದೇ ವರ್ಗ.

ಹಾಳೆಯ ಪರೀಕ್ಷೆಗೆಂದು ಮೊದಲು 2⁵⁹ − 1 ಹಾಕಿ ನೋಡಿದೆ. 763ನೇ ಸಾಲಿನಲ್ಲೇ ಭಾಜಕ 1,79,951 ಬಿತ್ತು. ಅದನ್ನು ನಂಬಿದ್ದೇ ತಪ್ಪು. 67ರ ಹಾಳೆಯಲ್ಲಿ ಎಲ್ಲ ಸಾಲಿಗೂ ಅದೇ ಲೆಕ್ಕ ನಂಬುವಂತಿಲ್ಲ. ಭ ಸುಮಾರು 9.49 ಕೋಟಿ ದಾಟಿದ ಮೇಲೆ ಶ² 2⁵³ನ್ನು (ಸೆಲ್ಲು ಪೂರ್ಣಸಂಖ್ಯೆಗಳನ್ನು ತಪ್ಪಿಲ್ಲದೆ ಹಿಡಿದಿಡುವ ಮಿತಿ) ಮೀರಬಹುದು. ಆಗ ಕೊನೆಯ ಅಂಕಿ ಹಾರುತ್ತದೆ, ಎರರ್ ಬರುವುದಿಲ್ಲ, ತಪ್ಪು ಶೇಷ ಬರುತ್ತದೆ. ಪರೀಕ್ಷೆ ಸುಲಭ: ಭ = 12,00,00,001, ಶ = ಭ − 2 ಹಾಕಿ. ವರ್ಗದ ಶೇಷ 4 ಬರಲೇಬೇಕು. ಬರದಿದ್ದರೆ ಹಾಳೆ ಕೆಟ್ಟಿದೆ.

ಪರಿಹಾರ: ಶ-ವನ್ನು 16384ರಿಂದ ಭಾಗಿಸಿ ಮೇಲಿನ ತುಂಡು, ಕೆಳಗಿನ ತುಂಡು ಮಾಡಿ. ಶ × ಮೇಲಿನದರ ಶೇಷ ತೆಗೆದು, 16384ರಿಂದ ಗುಣಿಸಿ, ಶ × ಕೆಳಗಿನದನ್ನು ಕೂಡಿಸಿ, ಮತ್ತೆ ಶೇಷ. ಯಾವ ಹಂತವೂ 2⁴³ ಮುಟ್ಟುವುದಿಲ್ಲ.

ಹಾಳೆ ಪೂರ್ತಿ ಒಟ್ಟಿಗೆ ತುಂಬಿದರೆ ಕಂಪ್ಯೂಟರ್ ನಿಂತೇಹೋಗುತ್ತದೆ. ರ‍್ಯಾಮ್‌ಗೆ ಸುರಿದ ಎರಡು ಸಾವಿರ ಚಿಲ್ಲರೆ ದಂಡ. ಐವತ್ತೈವತ್ತು ಸಾವಿರ ಸಾಲು ಓಡಿಸಿ, ಫಾರ್ಮುಲಾ ಅಳಿಸಿ ಬರೀ ಮೌಲ್ಯ ಉಳಿಸಿಕೊಂಡರೆ ಹಳೆಯ 4 ಜಿಬಿಯೇ ಸಾಕು. 3, 5, 7ರಿಂದ ಭಾಗವಾಗುವ ಭ-ಗಳನ್ನು ಜರಡಿ ಹಿಡಿದರೆ ಅರ್ಧಕ್ಕಿಂತ ಕಡಿಮೆ ಸಾಲು ಉಳಿಯುತ್ತವೆ. ವಿನ್ಯಾಸ 210 ಸಾಲಿಗೊಮ್ಮೆ ಮರುಕಳಿಸುತ್ತದೆ. ಅದನ್ನು ಒಂದೇ ಕಾಲಮ್ಮಿನಲ್ಲಿ ಕೂರಿಸಿದ ಬಗೆ ನನ್ನಲ್ಲೇ ಇರಲಿ.

ನಡುವೆ ಪೈಥಾನ್ ಪ್ರೋಗ್ರಾಮಿನಲ್ಲಿ ಪೊಲಾರ್ಡರ ಪಿ − 1 ವಿಧಾನ ಕೂಡ ಓಡಿಸಿದೆ: ಒಂದು ಆಧಾರ ಸಂಖ್ಯೆಯನ್ನು, ಒಂದು ಮಿತಿಯೊಳಗಿನ ಅವಿಭಾಜ್ಯಗಳಿಂದ ಕಟ್ಟಿದ ದೊಡ್ಡ ಘಾತಕ್ಕೆ ಏರಿಸಿ, ಒಂದು ಕಳೆದು, ನಮ್ಮ ಸಂಖ್ಯೆಯ ಜೊತೆ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ನೋಡುವುದು. ಆಧಾರ 2 ಇಟ್ಟರೆ ಮ.ಸಾ.ಅ. 1, ಇಲ್ಲವೇ ಪೂರ್ತಿ ಸಂಖ್ಯೆ. 2⁶⁷ರ ಶೇಷವೇ 1 ಆಗಿರುವಾಗ ಬೇರೇನೂ ಬರದು. ಆಧಾರ 3, ಮಿತಿ 10,000 ಕೊಟ್ಟರೂ ಪೂರ್ತಿ ಸಂಖ್ಯೆಯೇ. ಎರಡೂ ಅಪವರ್ತನಗಳಿಂದ ಒಂದು ಕಳೆದರೆ ಸಿಗುವ ಸಂಖ್ಯೆಗಳ ಅತಿ ದೊಡ್ಡ ಅವಿಭಾಜ್ಯ ಭಾಜಕಗಳು 2677 ಮತ್ತು 8539. ಎರಡೂ ಒಂದೇ ಬಲೆಗೆ ಬಿದ್ದಿದ್ದವು. ಮಿತಿ 3,000ಕ್ಕೆ ಇಳಿಸಿದ ಮೇಲೆ ಬೇರೆಯಾದವು.

ಹಾಳೆಯಲ್ಲಿ ಭಾಜಕ ಸಿಕ್ಕಿದ್ದು, ಜರಡಿ ಹಿಡಿಯದೆ ಎಣಿಸಿದರೆ, 7,22,790ನೇ ಸಾಲಿನಲ್ಲಿ: ಕ = 14,45,580, ಭ = 19,37,07,721. ಇದೇ ಅಪವರ್ತನವನ್ನು ಅಮೆರಿಕದ ಗಣಿತಜ್ಞ ಕೋಲ್ 1903ರಲ್ಲಿ ನ್ಯೂಯಾರ್ಕಿನಲ್ಲಿ ಮಂಡಿಸಿದ್ದು. ಜೊತೆಯದು 761838257287. ತಾಳೆ ನೋಡುವಾಗಲೂ ಒಂದೇ ಸೆಲ್ಲಿನಲ್ಲಿ ಗುಣಿಸಬೇಡಿ: 761838 ಮತ್ತು 257287 ಎಂದು ಒಡೆದು ಒಂದೊಂದನ್ನೂ ಭ-ದಿಂದ ಗುಣಿಸಿದರೆ 147573902751198 ಮತ್ತು 49838478412927. ಮೊದಲನೆಯದಕ್ಕೆ ಆರು ಸೊನ್ನೆ ಸೇರಿಸಿ ಕಾಗದದ ಮೇಲೆ ಕೂಡಿಸಿ.