ಉಣುಗಿನ ಕೆಲಸ ಮಳೆಗಾಲದ್ದು: ಕೊಟ್ಟಿಗೆಯಲ್ಲೂ ನಾಯಿಯ ಮೈಮೇಲೂ ನಾನು ಮಾಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಉಣುಗಿನ ಔಷಧಿ ಕೇಳಿಕೊಂಡು ಜನ ಹೆಚ್ಚಾಗಿ ಬರುವುದು ಜನವರಿ ಕಳೆದ ಮೇಲೆ. ಎಲ್ಲೋ ಮಂಗ ಸತ್ತ ಸುದ್ದಿ ಬಂದಿರುತ್ತದೆ, ಮನೆಮಂದಿಗೆ ಮಂಗನ ಕಾಯಿಲೆಯ ಭಯ ಹತ್ತಿರುತ್ತದೆ. ಆಗ ಔಷಧಿ ಹೊಡೆಯಬೇಡಿ ಎನ್ನುವುದಿಲ್ಲ, ಹೊಡೆಯಲೇಬೇಕು. ಆದರೆ ದನದ ಮೈಮೇಲೆ ಮುಖ್ಯ ಕೆಲಸ ಆಗಬೇಕಾದ್ದು ಅದಕ್ಕಿಂತ ಆರು ತಿಂಗಳು ಮೊದಲು, ಆರಿದ್ರಾ ಮಳೆಯಿಂದ ಹುಬ್ಬೆ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ.

ಕಾರಣ ಉಣುಗಿನ ಬದುಕಿನಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೊಟ್ಟೆಯೊಡೆದ ಮರಿ, ನಡುವಯಸ್ಸಿನ ನಿಂಫ್, ದೊಡ್ಡ ಉಣುಗು, ಹೀಗೆ ಮೂರು ಹಂತದಲ್ಲೂ ಅದು ಬೇರೆ ಬೇರೆ ಪ್ರಾಣಿ ಹಿಡಿಯುತ್ತದೆ. ಮರಿ ಮತ್ತು ನಿಂಫ್ ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳ ಮೇಲೆ ಬದುಕುತ್ತವೆ. ಡಿಸೆಂಬರ್‌ನಿಂದ ಮೇ ತನಕ ಸೊಪ್ಪು ಸೌದೆಗೆ ಹೋದವರ ಕಾಲಿಗೆ ಹತ್ತುವುದು ಈ ನಿಂಫ್. ದೊಡ್ಡ ಉಣುಗಿಗೆ ದೊಡ್ಡ ಪ್ರಾಣಿ ಬೇಕು. ಮಳೆ ಬಿದ್ದ ಮೇಲೆ ಎದ್ದು ಜುಲೈ, ಆಗಸ್ಟ್‌ನಲ್ಲಿ ಮೇಯಲು ಬಂದ ದನದ ಮೈ ಏರುತ್ತದೆ. ರಕ್ತ ಕುಡಿದು ಉದುರಿ, ದರಗಿನಡಿ (ಕಾಡಿನ ಒಣ ಎಲೆಯಡಿ) ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಮಂಗನ ಕಾಯಿಲೆ ಬಾಧಿಸುವುದಿಲ್ಲ, ಆದರೆ ಮುಂದಿನ ಬೇಸಿಗೆಯ ನಿಂಫ್‌ಗಳು ಹುಟ್ಟಲು ಬೇಕಾದ ರಕ್ತ ಒದಗಿಸುವುದು ಅದೇ. ಮಳೆಗಾಲದಲ್ಲಿ ದನದ ಮೇಲೆ ಸತ್ತ ಒಂದೊಂದು ಹೆಣ್ಣು ಉಣುಗೂ ಲೆಕ್ಕಕ್ಕೆ ಬರುತ್ತದೆ.

ಇದರ ಜೊತೆಗೆ ವರ್ಷವಿಡೀ ಕಾಡುವುದು ರಿಪಿಸೆಫಾಲಸ್ ಮೈಕ್ರೊಪ್ಲಸ್, ಕೆಚ್ಚಲ ಸಂದಿಯಲ್ಲಿ ಹರಳಿನ ಬೀಜದಂತೆ ಉಬ್ಬಿ ಕೂರುವ ಬೂದು ಉಣುಗು. ಇದು ಮರಿಯಿಂದ ಹಿಡಿದು ಮೊಟ್ಟೆ ಇಡಲು ಉದುರುವ ತನಕ ಒಂದೇ ದನದ ಮೇಲೆ ಸುಮಾರು 21 ದಿನ ಇರುತ್ತದೆ, ಉದುರಿದ ಮೇಲೆ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಆದ್ದರಿಂದ ಎರಡು ಸಿಂಪಡಣೆಗಳ ನಡುವೆ ಮೂರು ವಾರ ದಾಟಬಾರದು. ನಾನು 15 ದಿನದ ಅಂತರ ಹಿಡಿಯುತ್ತೇನೆ. ತಿಂಗಳಿಗೊಮ್ಮೆ ಹೊಡೆದರೆ ನಡುವೆ ಒಂದು ಪೂರ್ತಿ ತಲೆಮಾರು ತಪ್ಪಿಸಿಕೊಂಡು ಹೋಗುತ್ತದೆ.

ಔಷಧಿ ಮುಟ್ಟುವ ಮೊದಲು ತೂಕ ಬೇಕು. ಸಣ್ಣ ಮೈಯ ನಾಟಿ ತಳಿ ಮಲೆನಾಡು ಗಿಡ್ಡಕ್ಕೂ ಎಚ್‌ಎಫ್ (ದೊಡ್ಡ ಮೈಯ ವಿದೇಶಿ ಹಾಲಿನ ತಳಿ) ಮಿಶ್ರತಳಿಗೂ ಒಂದೇ ಅಳತೆ ಹಾಕುವುದು ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು, ಭುಜದ ಮೂಳೆಯಿಂದ ಹಿಂದಿನ ಪೃಷ್ಠದ ಮೂಳೆವರೆಗಿನ ಉದ್ದವನ್ನು ಟೇಪಿನಲ್ಲಿ ಇಂಚಿನ ಲೆಕ್ಕದಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ. 46 ಇಂಚು ಸುತ್ತಳತೆ, 36 ಇಂಚು ಉದ್ದದ ಗಿಡ್ಡ ಸುಮಾರು 115 ಕಿಲೋ. 60 ಮತ್ತು 52 ಇಂಚಿನ ಮಿಶ್ರತಳಿ ಸುಮಾರು 284 ಕಿಲೋ. ಜಂತಿನ ಔಷಧಿಗೂ ಇಂಜೆಕ್ಷನ್‌ಗೂ ಇದೇ ತೂಕ ಸಾಕಾಗುವುದರಿಂದ ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಲು ಹೇಳುತ್ತೇನೆ.

ಸಿಂಪಡಣೆಗೆ ನಾನು ಹೆಚ್ಚಾಗಿ ಬಳಸುವುದು 12.5 ಶೇಕಡಾದ ಅಮಿಟ್ರಾಜ್: ಲೀಟರ್ ನೀರಿಗೆ 2 ಮಿಲಿ. 15 ಲೀಟರ್ ಪಂಪಿಗೆ 30 ಮಿಲಿ. ಇಷ್ಟರಲ್ಲಿ ಮೂರು ಮಿಶ್ರತಳಿ ದನಕ್ಕೆ ಅಥವಾ ಏಳು ಗಿಡ್ಡಗಳಿಗೆ ಹೊಡೆಯಬಹುದು. ಮಿಶ್ರತಳಿಗೆ ತಲಾ ನಾಲ್ಕೈದು ಲೀಟರ್ ಹಿಡಿಯುತ್ತದೆ, ಗಿಡ್ಡಕ್ಕೆ ಎರಡು ಲೀಟರ್ ಸಾಕು. ಒಂದು ಲೀಟರ್ ದ್ರಾವಣವನ್ನು ನಾಲ್ಕು ದನಕ್ಕೆ ಪನ್ನೀರಿನ ಹಾಗೆ ಚಿಮುಕಿಸಿದರೆ ಉಣುಗು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು.

ಪಂಪಿನ ವಿಷಯ ಇಲ್ಲಿ ಗಟ್ಟಿಯಾಗಿ ಹೇಳಬೇಕು. ಅಡಿಕೆ ತೋಟಕ್ಕೆ ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ಪಂಪನ್ನೇ ತೊಳೆದು ತರುತ್ತಾರೆ. ಅದರಲ್ಲಿ ಉಳಿದ ಸುಣ್ಣ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧಿಯ ಶಕ್ತಿ ಕೆಡಿಸುತ್ತದೆ. ಕಳೆನಾಶಕ ಹೊಡೆದ ಪಂಪಾದರೆ ದನದ ಮೈಗೆ ಅದರ ವಿಷವೂ ಸೇರುತ್ತದೆ. ಕೊಟ್ಟಿಗೆಗೆಂದೇ ಒಂದು ಪಂಪ್ ಬೇರೆ ಇಡಿ, ಕೊಳ್ಳಲಾಗದಿದ್ದರೆ ನಾಲ್ಕು ಮನೆ ಸೇರಿ ಒಂದು ಇಟ್ಟುಕೊಳ್ಳಿ.

ಹೊಡೆಯುವ ದಿನ ಬೆಳಿಗ್ಗೆ ಹಾಲು ಕರೆದು, ಅಕ್ಕಚ್ಚು, ನೀರು ಹೊಟ್ಟೆ ತುಂಬ ಕೊಟ್ಟ ಮೇಲೆ ಶುರು ಮಾಡುತ್ತೇನೆ. ಬಾಯಾರಿದ ದನ ಮೈ ನೆಕ್ಕಿಕೊಳ್ಳುತ್ತದೆ. ಬಾನಿ, ಹಿಂಡಿ ಪಾತ್ರೆ ಹೊರಗಿಡಬೇಕು. ಮೂರು ತಿಂಗಳೊಳಗಿನ ಕರು, ಜ್ವರ ಇರುವ ದನ, ಮೈಮೇಲೆ ಗಾಯ ಇರುವ ದನಕ್ಕೆ ಹೊಡೆಯುವುದಿಲ್ಲ, ಅವಕ್ಕೆ ಕೈಯಿಂದ ಹೆಕ್ಕುವುದೇ ದಾರಿ. ಹೊಡೆಯುವವರು ತುಂಬು ತೋಳಿನ ಅಂಗಿ, ಕೈಗವಸು ಹಾಕಿ, ಮೂಗು ಬಾಯಿ ಕಟ್ಟಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಕೆಲಸ ಮುಗಿಯುವ ತನಕ ಕವಳ ಬಾಯಿಗೆ ಹಾಕಬಾರದು.

ಬೆನ್ನಿನಿಂದ ಶುರು ಮಾಡುವುದು ಎಲ್ಲರ ಅಭ್ಯಾಸ, ಆದರೆ ಉಣುಗು ಕೂರುವುದು ಬೆನ್ನ ಮೇಲಲ್ಲ. ಗೊರಸಿನ ಸಂದಿ, ಹಿಂತೊಡೆಯ ಒಳಭಾಗ, ಕೆಚ್ಚಲ ಬುಡ, ಮುಂಗಾಲ ಕಂಕುಳು, ಗಂಗೆದೊಗಲು, ಆಮೇಲೆ ಪಕ್ಕೆ, ಕೊನೆಗೆ ಬೆನ್ನು. ನಾಜಲ್ ಕೂದಲಿನ ಎದುರು ದಿಕ್ಕಿಗೆ ಹಿಡಿದರೆ ಔಷಧಿ ಚರ್ಮಕ್ಕೆ ಮುಟ್ಟುತ್ತದೆ. ಬಾಲ ಎತ್ತಿ ಗುದದ ಸುತ್ತ ನೆನೆಸಿ. ಕಿವಿಯೊಳಗೆ ಸಿಂಪಡಿಸಬೇಡಿ, ಬಟ್ಟೆಯನ್ನು ಅದೇ ದ್ರಾವಣದಲ್ಲಿ ಅದ್ದಿ ಹಿಂಡಿ, ಕಿವಿಯ ಮಡಿಕೆ ಮಡಿಕೆ ಒರೆಸಿ. ಹೊಟ್ಟೆಯಡಿಯಿಂದ ತೊಟ್ಟು ತೊಟ್ಟಾಗಿ ಇಳಿಯತೊಡಗಿದರೆ ಸಾಕಾಯಿತು ಎಂದರ್ಥ. ಮೈ ಒಣಗುವ ತನಕ ದನ ನೆರಳಲ್ಲಿರಲಿ. ಸಂಜೆ ಕರೆಯುವ ಮುನ್ನ ಕೆಚ್ಚಲನ್ನು ಚೆನ್ನಾಗಿ ತೊಳೆಯಬೇಕು. ಹಾಲು ಬಳಸುವ ವಿಚಾರದಲ್ಲಿ ಬಾಟಲಿಯ ಮೇಲೆ ಬರೆದ ಅವಧಿಯೇ ಅಂತಿಮ.

ಅಮಿಟ್ರಾಜ್ ಹೆಚ್ಚಾದರೆ ದನ ಮಂಕಾಗುತ್ತದೆ, ಮೆಲುಕು ನಿಲ್ಲಿಸುತ್ತದೆ, ಹೊಟ್ಟೆ ಉಬ್ಬುತ್ತದೆ. ತಕ್ಷಣ ಸೋಪು ನೀರಿನಲ್ಲಿ ಮೈ ತೊಳೆದು ವೈದ್ಯರನ್ನು ಕರೆಯಬೇಕು. ಕುದುರೆಗೂ ಬೆಕ್ಕಿಗೂ ಇದನ್ನು ಹಾಕಲೇಬಾರದು.

ಜುಲೈಯ ಜಡಿಮಳೆಯಲ್ಲಿ ಸಿಂಪಡಣೆ ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ. ಹೊಳವಾದ ದಿನ ಸಿಕ್ಕರೆ ಸರಿ, ಇಲ್ಲದಿದ್ದರೆ ನಾನು ಬೆನ್ನಿಗೆ ಸುರಿಯುವ 1 ಶೇಕಡಾದ ಫ್ಲುಮೆಥ್ರಿನ್‌ಗೆ ಹೋಗುತ್ತೇನೆ. 10 ಕಿಲೋ ತೂಕಕ್ಕೆ 1 ಮಿಲಿ, ಇಣಿಯಿಂದ ಬಾಲದ ಬುಡದ ತನಕ ಒಂದೇ ಗೆರೆಯಾಗಿ. 115 ಕಿಲೋದ ಗಿಡ್ಡಕ್ಕೆ 11ರಿಂದ 12 ಮಿಲಿ. ದನ ಮೇದು ಬಂದು, ಮೈ ಒಣಗಿದ ಮೇಲೆ ರಾತ್ರಿ ಹಾಕಿ. ಬೆಳಗಿನ ತನಕ ಮಳೆಗೆ ಬಿಡಬೇಡಿ. ಸಿಂಪಡಣೆಗಿಂತ ದುಬಾರಿ, ಆದರೆ ಮಲೆನಾಡಿನ ಮಳೆಗೆ ಇದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. 1 ಶೇಕಡಾದ ಐವರ್‌ಮೆಕ್ಟಿನ್ ಅನ್ನು ಚರ್ಮದಡಿಗೆ 50 ಕಿಲೋಗೆ 1 ಮಿಲಿಯಂತೆ ಪಡ್ಡೆ, ಹೋರಿಗಳಿಗೆ ಕೊಡುತ್ತೇನೆ, ಹಾಲು ಕೊಡುವ ದನಕ್ಕೆ ಕೊಡುವುದಿಲ್ಲ.

ದೀಪಾವಳಿಗೆ ಗೋಪೂಜೆ ಇರುವುದರಿಂದ ಆ ವಾರ ಎಲ್ಲರೂ ದನದ ಮೈ ತೊಳೆಯುತ್ತಾರೆ. ಹಬ್ಬದ ಮುನ್ನ ಹೊಡೆದ ಔಷಧಿ ಹೊಂಡಕ್ಕೆ ಹೋಗುತ್ತದೆ, ಅಲ್ಲಿನ ಮೀನಿಗೂ ವಿಷ. ಹಬ್ಬ ಮುಗಿದ ಮೇಲೆ ಹೊಡೆಯಿರಿ.

ಔಷಧಿ ಹಿಡಿಯುತ್ತಿಲ್ಲ ಎಂಬ ದೂರು ಬಂದಾಗ ಮೊದಲು ಕೇಳುವುದು ಎಷ್ಟು ನೀರಿಗೆ ಎಷ್ಟು ಹಾಕಿದಿರಿ, ಮಳೆ ಬಂತೇ ಎಂದು. ಎರಡೂ ಸರಿಯಿದ್ದು, ಎರಡು ದಿನದ ಮೇಲೂ ಉಬ್ಬಿದ ಉಣುಗಿನ ಕಾಲು ಆಡುತ್ತಿದ್ದರೆ ಆಗ ಔಷಧಿಯ ಗುಂಪು ಬದಲಿಸಬೇಕು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಮೂರೂ ಪೈರಿಥ್ರಾಯ್ಡ್ ಎಂಬ ಒಂದೇ ಗುಂಪು. ಒಂದನ್ನು ಬಿಟ್ಟು ಇನ್ನೊಂದನ್ನು ತಂದರೆ ಬಾಟಲಿ ಬದಲಾಯಿತೇ ಹೊರತು ಔಷಧಿ ಬದಲಾಗಲಿಲ್ಲ. ಅವು ಸೋತಲ್ಲಿ ಅಮಿಟ್ರಾಜ್, ಅಮಿಟ್ರಾಜ್ ಸೋತಲ್ಲಿ ಅವು. ತೋಟಕ್ಕೆ ತಂದ ಹರಳು ರೂಪದ ಕೀಟನಾಶಕವನ್ನು ದನದ ಮೈಗೆ ಉಜ್ಜುವುದಂತೂ ಕೊಲೆಗೆ ಸಮ: ಜೊಲ್ಲು ಸುರಿದು, ಮೈ ನಡುಗಿ, ಕಣ್ಣಿನ ಪಾಪೆ ಕಿರಿದಾಗಿ ಕೆಲವೇ ಗಂಟೆಗಳಲ್ಲಿ ದನ ಸಾಯುತ್ತದೆ.

ಇನ್ನು ಕೊಟ್ಟಿಗೆ. ಸೊಪ್ಪು, ದರಗು ಹಾಸುವ ನಮ್ಮ ಪದ್ಧತಿಯಲ್ಲಿ ಉದುರಿದ ಉಣುಗಿಗೆ ಮೊಟ್ಟೆ ಇಡಲು ಮೆತ್ತನೆಯ ಜಾಗ ಅಲ್ಲೇ ಸಿಗುತ್ತದೆ. ಪದ್ಧತಿ ಬಿಡಿ ಎನ್ನುವುದಿಲ್ಲ, ತೋಟದ ಗೊಬ್ಬರ ಅದರಿಂದಲೇ ಆಗಬೇಕು. ಆದರೆ ಹಾಸು ತೆಗೆದಾಗ ಗೋಡೆಯ ಅಂಚು, ಗೂಟದ ಬುಡವನ್ನೂ ಕೆರೆದು ತೆಗೆಯಬೇಕು. ಗೊಬ್ಬರ ಗುಂಡಿ ಕೊಟ್ಟಿಗೆಗೆ ತಾಗಿರಬಾರದು. ರಾಶಿಯನ್ನು ಒತ್ತಿ ಮುಚ್ಚಿದರೆ ಒಳಗಿನ ಕಾವಿಗೆ ಮೊಟ್ಟೆ ಕೆಡುತ್ತದೆ. ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿಯಿರಿ. ಬೆಂಕಿ ಹಾಯಿಸುವ ಸಲಹೆಯನ್ನು ನಾನು ಕೊಡುವುದಿಲ್ಲ, ಅಟ್ಟದ ತುಂಬ ಹುಲ್ಲಿರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಕಾಡಿನ ದರಗು ತರುವುದನ್ನು ನಿಲ್ಲಿಸಿ, ಭತ್ತದ ಹುಲ್ಲು, ಒಣಗಿದ ಅಡಿಕೆ ಸಿಪ್ಪೆ ಹಾಸಬಹುದು. ನಿಂಫ್ ಮನೆಗೆ ಬರುವ ಸುಲಭದ ದಾರಿ ದರಗಿನ ಹೊರೆ.

ಉಣುಗು ಬಿಟ್ಟು ಹೋಗುವ ಜ್ವರವೂ ಅಷ್ಟೇ ಮುಖ್ಯ. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ. ದನದ ಸಹಜ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗುದದ ಗೋಡೆಗೆ ತಾಗಿಸಿ ಹಿಡಿಯಿರಿ, ಸಗಣಿಗೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. 104 ದಾಟಿದ್ದು, ಕೆಳರೆಪ್ಪೆ ಎಳೆದು ನೋಡಿದಾಗ ಒಳಗೆ ಬಿಳಿಚಿಕೊಂಡು, ಭುಜದ ಮುಂದೆ ಗಡ್ಡೆ ಕೈಗೆ ಸಿಕ್ಕರೆ ಉಣುಗಿನಿಂದ ರಕ್ತಕ್ಕೆ ಸೇರುವ ಪರೋಪಜೀವಿ ಥೈಲೇರಿಯಾ ಎಂದು ಸಂಶಯಿಸಬೇಕು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ಅದು ಮೂತ್ರಕೋಶದ ರಕ್ತ; ಜರಿಗಿಡ ಬಹುಕಾಲ ತಿಂದ ದನದಲ್ಲಿ ಹೀಗಾಗುತ್ತದೆ. ಬಣ್ಣ ಮೇಲಿಂದ ಕೆಳಗೆ ಒಂದೇ ಸಮ ಉಳಿದರೆ ರಕ್ತಕಣ ಒಡೆಯುತ್ತಿವೆ ಎಂದು. ಜೊತೆಗೆ ಜ್ವರ ಇದ್ದರೆ ಉಣುಗಿನಿಂದಲೇ ಬರುವ ಇನ್ನೊಂದು ರಕ್ತದ ಪರೋಪಜೀವಿ ಬಬೇಸಿಯಾ. ಜ್ವರವಿಲ್ಲದೆ, ಕರು ಹಾಕಿ ಕೆಲವೇ ವಾರವಾಗಿದ್ದರೆ ರಂಜಕದ (ಫಾಸ್ಫರಸ್) ಕೊರತೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಬಾಟಲಿಯನ್ನು ಹಾಗೇ ವೈದ್ಯರಿಗೆ ತೋರಿಸಿ.

ಬಬೇಸಿಯಾಕ್ಕೆ ಡಿಮಿನಾಜಿನ್ ಕಿಲೋಗೆ 3.5 ಮಿಲಿಗ್ರಾಂ, ಥೈಲೇರಿಯಾಕ್ಕೆ 5 ಶೇಕಡಾದ ಬುಪಾರ್ವಕೋನ್ 20 ಕಿಲೋಗೆ 1 ಮಿಲಿ, ಎರಡೂ ಮಾಂಸಖಂಡದ ಆಳಕ್ಕೆ. ಇವನ್ನು ವೈದ್ಯರೇ ಕೊಡಬೇಕು. ಅಳತೆ ಹೇಳಿದ್ದು ತೂಕ ಏಕೆ ಮುಖ್ಯ ಎಂದು ತಿಳಿಯಲಿ ಎಂದು. ಮೊದಲ ಇಂಜೆಕ್ಷನ್‌ಗೆ ಮುನ್ನ ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಎಳೆಯುತ್ತೇನೆ, ಔಷಧಿ ಬಿದ್ದ ಮೇಲೆ ಪರೋಪಜೀವಿ ಕಾಣುವುದು ಕಷ್ಟ. ರಕ್ತ ಇಳಿದ ದನವನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗಬೇಡಿ, ದಾರಿಯಲ್ಲೇ ಕುಸಿಯುತ್ತದೆ. 1962ಕ್ಕೆ ಕರೆ ಮಾಡಿದರೆ ಪಶು ಸಂಚಾರಿ ಚಿಕಿತ್ಸಾ ವಾಹನ ಕೇಳಬಹುದು. ಇಂಥ ದನಕ್ಕೆ ಬಾಟಲಿಗಟ್ಟಲೆ ಗ್ಲೂಕೋಸ್ ಏರಿಸಿ ಎಂದು ಒತ್ತಾಯಿಸಲೂಬೇಡಿ. ಉಳಿದ ರಕ್ತ ಇನ್ನೂ ತೆಳುವಾಗುತ್ತದೆ. ಕೆಲವಕ್ಕೆ ಬೇರೆ ದನದ ರಕ್ತ ಕೊಡುವುದೊಂದೇ ದಾರಿ.

ನಾಯಿ ತೋಟಕ್ಕೂ ಕಾಡಿಗೂ ಹೋಗಿ ಬಂದು ಜಗಲಿಯಲ್ಲಿ ಮಲಗುತ್ತದೆ, ಮಕ್ಕಳು ಅದನ್ನು ತಬ್ಬಿಕೊಳ್ಳುತ್ತಾರೆ. ಆದ್ದರಿಂದ ನಾಯಿಗೆ ದುಡ್ಡು ಉಳಿಸಬೇಡಿ. ತೂಕಕ್ಕೆ ತಕ್ಕ ಫ್ಲುರಲಾನರ್ ಮಾತ್ರೆ ಸುಮಾರು 12 ವಾರ, ಅಫಾಕ್ಸೊಲಾನರ್ ಒಂದು ತಿಂಗಳು ಕೆಲಸ ಮಾಡುತ್ತದೆ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ಬೆನ್ನಿಗೆ ಹಾಕುವ ಫಿಪ್ರೊನಿಲ್ ಆದರೆ ಹಿಂದು ಮುಂದು ಎರಡೆರಡು ದಿನ ಸ್ನಾನ ಬೇಡ. ನಾಯಿಯ ಕಂದು ಉಣುಗು ಗೋಡೆ ಹತ್ತಿ ಚಾವಣಿಯ ಸಂದಿಯಲ್ಲಿ ಅಡಗುತ್ತದೆ, ಅಲ್ಲಿಗೂ ಔಷಧಿ ಮುಟ್ಟಬೇಕು. ದನದ ಔಷಧಿ ಉಳಿಯಿತೆಂದು ನಾಯಿ ಬೆಕ್ಕಿಗೆ ಹಾಕಬೇಡಿ. ಪೈರಿಥ್ರಾಯ್ಡ್ ಗುಂಪಿನದ್ದು ಬೆಕ್ಕನ್ನು ಕೊಲ್ಲುತ್ತದೆ. ನಾಯಿ ಅನ್ನ ಬಿಟ್ಟು, ಮೂಗಲ್ಲಿ ರಕ್ತ ಬಂದು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ ಎದ್ದರೆ ಉಣುಗಿನಿಂದ ಬರುವ ಎರ್ಲಿಕಿಯಾ ರೋಗ ಇರಬಹುದು. ಪ್ಲೇಟ್‌ಲೆಟ್ ಎಣಿಸಿ ನೋಡಿ, ದೃಢವಾದರೆ ಡಾಕ್ಸಿಸೈಕ್ಲಿನ್ ಕಿಲೋಗೆ 10 ಮಿಲಿಗ್ರಾಂನಂತೆ ದಿನವೂ ಊಟದ ಜೊತೆ, 28 ದಿನ. ನಾಲ್ಕನೇ ದಿನಕ್ಕೆ ನಾಯಿ ಓಡಾಡತೊಡಗುತ್ತದೆ, ಆಗ ಮಾತ್ರೆ ನಿಲ್ಲಿಸುವವರೇ ಹೆಚ್ಚು. ಕಾಯಿಲೆ ಮರಳುವುದು ಅದರಿಂದ.

ಉಣುಗು ಕೀಳುವಾಗ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ತಿರುಚದೆ ನೇರ ಎಳೆದು, ಸೋಪು ನೀರಿನ ಡಬ್ಬಿಗೆ ಹಾಕಿ ಮುಚ್ಚಿ. ಉಗುರಲ್ಲಿ ಒತ್ತಿ ಒಡೆಯಬೇಡಿ, ಒಳಗಿನ ರಸದಲ್ಲಿ ವೈರಾಣು ಇರಬಹುದು. ನೆಲಕ್ಕೆ ಬಿಸಾಡಿದರೆ ಅಲ್ಲೇ ಮೊಟ್ಟೆ ಇಡುತ್ತದೆ. ಉಣುಗು ಹತ್ತದಂತೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮನುಷ್ಯರ ಕೈಕಾಲಿಗೆ, ದನಕ್ಕಲ್ಲ. ದನ ಮೇಯಿಸಲು ಹೋಗುವವರು ಅದನ್ನು ಹಚ್ಚಿಕೊಂಡೇ ಹೋಗಲಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಹಾಕಲಿ. ಸತ್ತ ಮಂಗ ಕಂಡರೆ ಮುಟ್ಟದೆ ಪಂಚಾಯಿತಿಗೋ, ಆರೋಗ್ಯ ಕೇಂದ್ರಕ್ಕೋ, ಅರಣ್ಯದವರಿಗೋ ಅಂದೇ ತಿಳಿಸಿ. ಅದರ ಮೈಮೇಲಿನ ಉಣುಗು ಹೆಣ ಬಿಟ್ಟು ಸುತ್ತಲಿನ ದರಗಿಗೆ ಇಳಿದಿರುತ್ತದೆ. ಆ ಜಾಗಕ್ಕೆ ಉಣುಗು ಕೊಲ್ಲುವ ಪುಡಿ ಉದುರಿಸಿ ಮುಗಿಸಿದ ಮೇಲೂ ಆ ಬೇಸಿಗೆಯಿಡೀ ದನವನ್ನು ಆ ಕಡೆ ಹೊಡೆಯಬೇಡಿ, ಅಲ್ಲಿಂದ ಸೊಪ್ಪೂ ತರಬೇಡಿ.