ಹಳೇ ಸಂತೆಮಾಳದಲ್ಲಿ ಹೊಸ ಮಾರುಕಟ್ಟೆ: ಗುದ್ದಲಿಪೂಜೆಗೆ ಮೊದಲು ಆಗಬೇಕಾದ ಕೆಲಸ

ಪುರಸಭೆಯ ಅಭಿವೃದ್ಧಿ ಯೋಜನೆ ಎಂದರೆ ಮಾರುಕಟ್ಟೆ ಕಟ್ಟಡಕ್ಕೆ ಮೊದಲ ಮಣೆ. ಕಟ್ಟಡ ಏಳುತ್ತದೆ, ಟೇಪು ಕತ್ತರಿಸುತ್ತಾರೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಒಳಗಿನ ಕಟ್ಟೆಗಳ ಮೇಲೆ ನಾಯಿ ಮಲಗಿರುತ್ತದೆ, ಸೊಪ್ಪಿನವರು ಎದುರಿನ ಚರಂಡಿ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂತಿರುತ್ತಾರೆ. ನಕ್ಷೆ ಮೊದಲು ಬರೆಸಿ ವ್ಯಾಪಾರಿಗಳನ್ನು ಆಮೇಲೆ ಹುಡುಕಿದರೆ ಹೀಗೇ ಆಗುವುದು. ಮೂವತ್ತು ನಲವತ್ತು ಸಾವಿರ ಜನಸಂಖ್ಯೆಯ ಊರಿಗೆ ಹೊಂದುವ ಕ್ರಮ ಇಲ್ಲಿದೆ.

ಮೊದಲು ಸಮಿತಿ, ಆಮೇಲೆ ಸಮೀಕ್ಷೆ

ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರು ಅಧ್ಯಕ್ಷರು. ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳಿರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಸಂಘದ ಅಧ್ಯಕ್ಷರೊಬ್ಬರನ್ನು ಕರೆದು ಸಹಿ ಹಾಕಿಸಿಕೊಂಡರೆ ಅದು ಸಮಿತಿಯಲ್ಲ. ಸ್ಥಳಾಂತರದ ಪ್ರಶ್ನೆ ಕೋರ್ಟಿಗೆ ಹೋದಾಗ ಮೊದಲು ಕೇಳುವುದು ಈ ಸಮಿತಿಯ ನಡಾವಳಿಯನ್ನೇ. ಮಾರುಕಟ್ಟೆ ವಿಷಯ ಸಾಮಾನ್ಯ ಸಭೆಗೆ ಬರುವ ಮೊದಲು ಸಮಿತಿಯಲ್ಲಿ ಚರ್ಚೆಯಾಗಿ, ಯಾರು ಏನು ಹೇಳಿದರು ಎಂಬುದು ಪುಸ್ತಕದಲ್ಲಿ ದಾಖಲಾಗಿರಲಿ.

ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಮಾಡಬೇಕು. ಅದು ಮುಗಿದು ವ್ಯಾಪಾರಿಗಳಿಗೆ ಮಾರಾಟ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಹೆಚ್ಚಿನ ಕಡೆ ಎಡವುವುದು ಇಲ್ಲೇ. ಸಿಬ್ಬಂದಿ ಬೆಳಿಗ್ಗೆ ಹನ್ನೊಂದಕ್ಕೆ ಪುಸ್ತಕ ಹಿಡಿದು ಹೊರಡುತ್ತಾರೆ. ಅಷ್ಟು ಹೊತ್ತಿಗೆ ಹಳ್ಳಿಯಿಂದ ಸೊಪ್ಪು, ಹೂವು ತಂದವರು ಮಾರಿ ಬಸ್ ಹತ್ತಿರುತ್ತಾರೆ. ಪಾನಿಪುರಿ, ಎಗ್ ರೈಸ್ ಗಾಡಿಗಳು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಆರು, ಹನ್ನೊಂದು, ಸಂಜೆ ಐದು, ರಾತ್ರಿ ಎಂಟು, ಹೀಗೆ ನಾಲ್ಕು ಹೊತ್ತಿನಲ್ಲಿ ಎಣಿಸಿ. ಸಂತೆಯ ದಿನ ಒಂದು ಸಲ, ಸಂತೆಯಿಲ್ಲದ ದಿನ ಒಂದು ಸಲ. ವಾರಕ್ಕೊಮ್ಮೆ ಬರುವವರಿಗೆ ಬೇರೆ ಪಟ್ಟಿ ಮಾಡಿ.

ಗಂಡನ ಹೆಸರು ಬರೆದುಕೊಳ್ಳುವುದು ಇನ್ನೊಂದು ಹಳೇ ಚಾಳಿ. ಕಟ್ಟೆಯ ಮೇಲೆ ಕೂತು ತಕ್ಕಡಿ ಹಿಡಿಯುವವಳು ಹೆಂಡತಿ, ಚೀಟಿ ಮಾತ್ರ ಗಂಡನದು. ಕೂತವರ ಹೆಸರನ್ನೇ ಬರೆಯಿರಿ, ಅಲ್ಲೇ ನಿಲ್ಲಿಸಿ ಫೋಟೊ ತೆಗೆಯಿರಿ. ತಳ್ಳುಗಾಡಿ ಬಾಡಿಗೆಯದಾದರೆ ತಳ್ಳುವವರ ಹೆಸರು, ಗಾಡಿ ಮಾಲೀಕರದಲ್ಲ. ಆಧಾರ್‌ನಲ್ಲಿ ಪಕ್ಕದ ಹಳ್ಳಿಯ ವಿಳಾಸ ಇದೆಯೆಂದು ಯಾರನ್ನೂ ಬಿಡಬೇಡಿ. ತಾವೇ ಅಥವಾ ಮನೆಯವರ ಮೂಲಕ ವ್ಯಾಪಾರ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡಬಾರದು ಎಂದು ಕಾಯ್ದೆ ಕೇಳುತ್ತದೆ. ಇದೇ ಊರಿನ ನಿವಾಸಿಯಾಗಿರಬೇಕು ಎಂದಿಲ್ಲ. ಪಟ್ಟಿಯನ್ನು ಸಂತೆಮಾಳದಲ್ಲೇ ಅಂಟಿಸಿ, ಆಕ್ಷೇಪಣೆಗೆ ಹದಿನೈದು ದಿನ ಬಿಡಿ. ಕಾಯಿಲೆಯಾಗಿ ಮಲಗಿದ್ದವರು, ಜಾತ್ರೆಗೆ ಹೋಗಿದ್ದವರು ಆಗ ಬಂದು ಸೇರಿಕೊಳ್ಳುತ್ತಾರೆ.

ಲೆಕ್ಕ ಸರಳ. ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ನಲವತ್ತು ಸಾವಿರದ ಊರಾದರೆ 1,000 ಮಂದಿ. ಸಮೀಕ್ಷೆಯಲ್ಲಿ 380 ಮಂದಿ ಸಿಕ್ಕರೆ "ಜಾಗವಿಲ್ಲ" ಎನ್ನಲು ಕಾನೂನಿನ ನೆಪ ಉಳಿಯುವುದಿಲ್ಲ. 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಯನ್ನು, ಅಂದರೆ ತಾನಾಗಿ ಬೆಳೆದ ಸಂತೆಯನ್ನು, ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದು ಎರಡನೇ ಅನುಸೂಚಿಯಲ್ಲಿದೆ. ನಿಮ್ಮ ಸಂತೆಗೆ ಎಷ್ಟು ವಯಸ್ಸು ಎಂಬುದಕ್ಕೆ ಹಳೇ ಸುಂಕದ ಹರಾಜಿನ ಕಡತಗಳೇ ಸಾಕ್ಷಿ. ರೆಕಾರ್ಡ್ ರೂಮಿನಲ್ಲಿ ಹುಡುಕಿಸಿ.

ನಕ್ಷೆ

ಈಗ ಎಂಜಿನಿಯರ್ ಬರಲಿ. ಬಂದವರ ಕೈಗೆ ಮೊದಲು ಟೇಪು ಕೊಟ್ಟು ಈಗಿನ ಸಂತೆಯನ್ನೇ ಅಳೆಯಿಸಿ. ನೆಲದ ಮೇಲೆ ಕೂರುವ ಸೊಪ್ಪಿನವರಿಗೆ ಆರಡಿ ನಾಲ್ಕಡಿ ಸಾಕು. ಈರುಳ್ಳಿ, ಆಲೂಗೆಡ್ಡೆ ಮೂಟೆಯವರಿಗೆ ಅದರ ಎರಡರಷ್ಟು ಬೇಕು. ಉದಾಹರಣೆಗೆ 120 ಸೊಪ್ಪಿನ ಕಟ್ಟೆಗೆ ತಲಾ 24 ಚದರಡಿಯಂತೆ 2,880 ಚದರಡಿ ಆಗುತ್ತದೆ. ಓಡಾಟದ ದಾರಿ, ಮೂಟೆ ಇಳಿಸುವ ಜಾಗ, ಶೌಚಾಲಯ ಸೇರಿಸಿ ಮೂರು ಪಟ್ಟು ಜಾಗ ಹಿಡಿಯಿರಿ. ಕಟ್ಟೆಗಳ ನಡುವಿನ ದಾರಿ ಆರಡಿಗಿಂತ ಕಡಿಮೆಯಾದರೆ ಒಬ್ಬರು ಬಗ್ಗಿ ಟೊಮೆಟೊ ಆರಿಸುವಾಗ ಇನ್ನೊಬ್ಬರು ದಾಟಲಾಗದು. ಗಿರಾಕಿ ಎರಡನೇ ಸಲ ಒಳಗೆ ಬರುವುದಿಲ್ಲ.

ಕಟ್ಟೆಯ ಎತ್ತರದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಮೂರಡಿ ಎತ್ತರಿಸಿ ಗ್ರಾನೈಟ್ ಹಾಕಿದರೆ ನಿಂತು ಮಾರುವವರಿಗೆ ಸರಿ. ಆದರೆ ನಮ್ಮ ಸಂತೆಯಲ್ಲಿ ಅರವತ್ತು ದಾಟಿದ ಅಜ್ಜಿಯರು ಚಕ್ಕಳಮಕ್ಕಳ ಹಾಕಿ ಕೂತು ಮಾರುವವರು. ಅವರು ದಿನಕ್ಕೆ ಹತ್ತು ಸಲ ಆ ಕಟ್ಟೆ ಹತ್ತಿ ಇಳಿಯಲಾರರು. ಕೂರುವ ಕಟ್ಟೆಗೆ ಒಂದೂವರೆ ಅಡಿ ಸಾಕು, ಹತ್ತಲು ಒಂದು ಮೆಟ್ಟಿಲಿರಲಿ. ಮೇಲ್ಮೈಗೆ ನಯವಾದ ಗ್ರಾನೈಟ್ ಬೇಡ, ನೀರು ಚಿಮುಕಿಸಿದರೆ ಜಾರುತ್ತದೆ. ಒರಟು ಕಡಪ ಕಲ್ಲು ವಾಸಿ. ಚರಂಡಿಯ ಕಡೆಗೆ ಐವತ್ತಡಿಗೆ ಒಂದಡಿ ಇಳಿಜಾರಿರಲಿ. ಚರಂಡಿಯ ಮೇಲಿನ ಜಾಲರಿ ಕೈಯಿಂದ ಎತ್ತಿ ತೆಗೆಯುವಂತಿರಲಿ, ಇಲ್ಲವಾದರೆ ಕೋಸಿನ ಎಲೆ ಸಿಕ್ಕಿಕೊಂಡು ವಾರದೊಳಗೆ ನಾತ ಶುರು. ಒಳಗೆ ಬರುವ ರ‍್ಯಾಂಪು ಒಂದಡಿ ಏರಲು ಹನ್ನೆರಡಡಿ ಉದ್ದ ಇರಬೇಕು.

ಮೊದಲ ಮಹಡಿಯಲ್ಲಿ ತರಕಾರಿ ಇಡಬೇಡಿ. ಅರ್ಧ ಕೆಜಿ ಬೀನ್ಸಿಗೆ ಮೆಟ್ಟಿಲು ಹತ್ತುವ ಗಿರಾಕಿ ಯಾವ ಊರಿನಲ್ಲೂ ಇಲ್ಲ. ಮೇಲೆ ಟೈಲರ್, ಜೆರಾಕ್ಸ್, ಮೊಬೈಲ್ ರಿಪೇರಿ, ಸ್ವಸಹಾಯ ಸಂಘದ ಕಚೇರಿಗೆ ಜಾಗ ಮಾಡಿ. ತಗಡಿನ ಚಾವಣಿ ಹನ್ನೆರಡು ಅಡಿಗಿಂತ ಕೆಳಗಿದ್ದರೆ ಏಪ್ರಿಲ್‌ನಲ್ಲಿ ಮಧ್ಯಾಹ್ನದೊಳಗೆ ಸೊಪ್ಪು ಬಾಡುತ್ತದೆ. ಪಶ್ಚಿಮದ ಬಿಸಿಲು ಬೀಳುವ ಕಡೆ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನವರನ್ನು ಕೂರಿಸಿ. ಮೀನಿಗೆ ಬೇರೆ ನೀರು, ಬೇರೆ ಚರಂಡಿ ಕೊಡಿ. ಹೆಂಗಸರ ಶೌಚಾಲಯ ಬೆಳಿಗ್ಗೆ ಐದಕ್ಕೇ ತೆರೆಯುವಂತಿರಬೇಕು. ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದನ್ನು ಈಗಲೇ ತೀರ್ಮಾನಿಸಿ.

ಈ ನಕ್ಷೆಯನ್ನು ಖಾಲಿ ಮೈದಾನದಲ್ಲಿ ಸುಣ್ಣದಲ್ಲಿ ಗೆರೆ ಹಾಕಿ ವ್ಯಾಪಾರಿಗಳನ್ನು ಅರ್ಧ ದಿನ ಕೂರಿಸಿ ನೋಡಿ. ಸುಣ್ಣದ ಖರ್ಚು ನೂರಿನ್ನೂರು ರೂಪಾಯಿ. ಟೆಂಡರ್ ಆದ ಮೇಲೆ ಚರಂಡಿ ಒಂದಡಿ ಸರಿಸಬೇಕೆಂದರೂ ಪರಿಷ್ಕೃತ ಅಂದಾಜುಪಟ್ಟಿ, ಮತ್ತೆ ಮಂಜೂರಾತಿ, ತಿಂಗಳುಗಟ್ಟಲೆ ಕಡತದ ಓಡಾಟ.

ಕಟ್ಟುವಾಗ ಎಲ್ಲಿ ಕೂರುತ್ತಾರೆ?

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟವೇ ವರ್ಷಗಟ್ಟಲೆ ನಡೆಯಿತು. ಸಣ್ಣ ಊರಿನ ಕಾಮಗಾರಿಯೂ ಹೇಳಿದ ಅವಧಿಗೆ ಮುಗಿಯುವುದು ಅಪರೂಪ. ಹಾಗಾಗಿ ತಾತ್ಕಾಲಿಕ ಜಾಗ ಎರಡು ಮಳೆಗಾಲ ತಡೆಯುವಂತಿರಬೇಕು. ಬಸ್ ನಿಲ್ದಾಣದಿಂದ ಸಂತೆಗೆ ನಡೆದು ಬರುವ ಹಾದಿಯಲ್ಲೇ, ಮುನ್ನೂರು ಮೀಟರಿನೊಳಗೆ ಕೊಡಿ. ಊರಾಚೆಯ ಎಪಿಎಂಸಿ ಯಾರ್ಡಿಗೆ ಕಳಿಸಿದರೆ ಹೋಗುವವರು ಹೋಗುತ್ತಾರೆ, ಗಿರಾಕಿ ಹೋಗುವುದಿಲ್ಲ. ದೀಪ, ನೀರು, ಕಸದ ಗಾಡಿ ಮೊದಲ ದಿನವೇ ಇರಲಿ.

ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕಡ್ಡಾಯ. ಶ್ರಾವಣದಿಂದ ದೀಪಾವಳಿಯವರೆಗೆ ಯಾರನ್ನೂ ಕದಲಿಸಬೇಡಿ, ಹೂವು ಹಣ್ಣಿನವರ ವರ್ಷದ ಸಂಪಾದನೆ ಆಗ. ಆಷಾಢದಲ್ಲಿ ವ್ಯಾಪಾರ ಹೇಗೂ ಮಂಕು, ಎಬ್ಬಿಸುವುದಾದರೆ ಆಗ. ತಳಪಾಯದ ಅಗೆತ ಮಾತ್ರ ಮಳೆ ನಿಂತ ಮೇಲೆ. ಸಾಮಾನು ಜಪ್ತಿ ಮಾಡುವ ಪ್ರಸಂಗ ಬಂದರೆ ಸಹಿ ಮಾಡಿದ ಪಟ್ಟಿ ಕೊಡಬೇಕು; ಬೇಗ ಕೆಡುವ ಸಾಮಾನನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು.

ಹಂಚಿಕೆ, ಸುಂಕ, ಸಾಲ

ಶಟರ್ ಇರುವ ಮಳಿಗೆಗಳನ್ನೂ ಕಟ್ಟೆಗಳನ್ನೂ ಒಂದೇ ಹರಾಜಿಗೆ ಹಾಕಬೇಡಿ. ಮಳಿಗೆ ಹರಾಜಿಗೆ ಹೋಗಲಿ, ಪುರಸಭೆಗೂ ವರಮಾನ ಬೇಕು. ಕಟ್ಟೆ ಮಾತ್ರ ಪ್ರಮಾಣಪತ್ರ ಇದ್ದವರಿಗೆ. ಲಕ್ಷ ರೂಪಾಯಿ ಠೇವಣಿ ಕೇಳಿದರೆ ನಿಂಬೆಹಣ್ಣು ಮಾರುವವರು ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತಾರೆ, ವರ್ಷದೊಳಗೆ ಕಟ್ಟೆ ಅವನದಾಗುತ್ತದೆ. ಚೀಟಿ ಎತ್ತುವುದನ್ನು ಸಂತೆಮಾಳದಲ್ಲೇ, ವಿಡಿಯೊ ಮಾಡಿಕೊಂಡು, ಸರಕಿನ ಗುಂಪುವಾರು ಮಾಡಿ. ಎಲ್ಲರನ್ನೂ ಒಟ್ಟಿಗೆ ಎತ್ತಿಸಿದರೆ ಹೂವಿನ ಪಕ್ಕ ಒಣಮೀನು ಬರುತ್ತದೆ. ರ‍್ಯಾಂಪಿನ ಬುಡದ ಕಟ್ಟೆಗಳನ್ನು ಅಂಗವಿಕಲ ವ್ಯಾಪಾರಿಗಳಿಗೆ ಮೊದಲೇ ಎತ್ತಿಡಿ.

ಸುಂಕ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇದ್ದರೆ ದರಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ನಾಲ್ಕೂ ದ್ವಾರದಲ್ಲಿ ಬರೆಸಿ. ಕ್ರಮಸಂಖ್ಯೆಯಿರುವ ರಸೀದಿ ಇಲ್ಲದೆ ಹಣ ಕೊಡಬೇಡಿ ಎಂದೂ ಅದರಲ್ಲೇ ಇರಲಿ. ಇಪ್ಪತ್ತು ಬರೆದು ಐವತ್ತು ಕೀಳುವುದು ನಿಲ್ಲುವುದು ಇಷ್ಟರಿಂದಲೇ.

ಪ್ರಮಾಣಪತ್ರ ಕೈಗೆ ಬಂದರೆ ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಸಾಲಕ್ಕೂ ದಾರಿ. 2025ರ ಪರಿಷ್ಕರಣೆಯಂತೆ ಮೊದಲ ಕಂತು ₹15,000, ತೀರಿಸಿದರೆ ₹25,000, ಆಮೇಲೆ ₹50,000. ಸಮುದಾಯ ಸಂಘಟಕರು ಹಂಚಿಕೆಯ ದಿನವೇ ಅಲ್ಲೊಂದು ಮೇಜು ಹಾಕಿ ಅರ್ಜಿ ತುಂಬಿಸಲಿ. ತಳ್ಳುಗಾಡಿ, ತೂಕದ ಯಂತ್ರ, ದೊಡ್ಡ ಕೊಡೆಗಳಿಗೆ ಪುರಸಭೆಯ ಹಣದಲ್ಲಿ ಪರಿಶಿಷ್ಟರಿಗಾಗಿ ಮೀಸಲಾದ ಶೇ 24.10, ಇತರ ಬಡವರ ಶೇ 7.25, ಅಂಗವಿಕಲರ ಶೇ 5ರ ನಿಧಿಗಳಿವೆ. ಕ್ರಿಯಾಯೋಜನೆ ಬರೆಯುವಾಗಲೇ ಸಮೀಕ್ಷೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಆ ಹಣ ಮುಗಿಸಲು ಯಾರಿಗೆ ಏನು ಕೊಡುವುದೆಂದು ಮಾರ್ಚ್ ಕೊನೆಯಲ್ಲಿ ಪರದಾಡುವುದು ತಪ್ಪುತ್ತದೆ.

ಮಾರುಕಟ್ಟೆ ತೆರೆದು ಆರು ತಿಂಗಳಿಗೆ ಅದೇ ನಾಲ್ಕು ಹೊತ್ತಿನಲ್ಲಿ ಮತ್ತೆ ಎಣಿಸಿ. ಕಟ್ಟೆಯ ಫೋಟೊದಲ್ಲಿರುವವರೇ ಅಥವಾ ಅವರ ಮನೆಯವರೇ ಕೂತಿದ್ದಾರೆಯೇ ನೋಡಿ. ಬೇರೆಯವರಿದ್ದರೆ ಬಾಡಿಗೆ ಎಷ್ಟು ಕೊಡುತ್ತಿದ್ದಾರೆ ಎಂದು ಕೇಳಿ, ಸಮಿತಿಯ ಮುಂದೆ ಇಡಿ. ಖಾಲಿ ಬಿದ್ದವು ಒಂದೇ ಮೂಲೆಯಲ್ಲಿದ್ದರೆ ಅಲ್ಲಿ ದೀಪವೋ ದಾರಿಯೋ ಕೆಟ್ಟಿದೆ ಎಂದರ್ಥ. ಆ ಕಡೆಯ ಗೋಡೆಯಲ್ಲಿ ಇನ್ನೊಂದು ಬಾಗಿಲು ತೆಗೆಸಿ.