ಮಿನೆಸೋಟಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ: ಮೀನು ಹಸನು ಮಾಡುವ ಚಾಕು, ಮೇಜು

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಇಲ್ಲಿಗೆ ಬಂದವರು ಮೊದಲ ಬೇಸಿಗೆಯಲ್ಲೇ ಗಾಳ ಹಿಡಿದು ಹೊರಡುತ್ತಾರೆ. ಸೂಳೆಕೆರೆ, ಮಾರಿಕಣಿವೆ ನೋಡಿ ಬೆಳೆದವರ ಮುಂದೆ ಹತ್ತು ಸಾವಿರಕ್ಕೂ ಜಾಸ್ತಿ ಕೆರೆ ಇಟ್ಟರೆ ಸುಮ್ನೆ ಕೂರೋಕಾಗುತ್ತಾ? 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಅದನ್ನು ಎಲ್ಲರೂ ಹೇಳಿರುತ್ತಾರೆ. ಮೀನು ಮನೆಗೆ ಬಂದ ಮೇಲಿನ ಪಾಡು ಮಾತ್ರ ಯಾರೂ ಹೇಳುವುದಿಲ್ಲ. ಊರಲ್ಲಿ ಮಾರ್ಕೆಟ್ಟಿನವರೇ ಬೂದಿ ಹಚ್ಚಿ, ತಿಕ್ಕಿ, ತುಂಡು ಮಾಡಿ ಕವರಿಗೆ ಹಾಕಿ ಕೊಡುತ್ತಿದ್ದರು. ಇಲ್ಲಿ ಆ ಕೆಲಸ ನಮ್ಮದೇ.

ಚಾಕು ಕೊಳ್ಳುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಮೀನು ಸಾರಿಗೋ, ಬಾಣಲೆಗೋ? ಇಲ್ಲಿಯವರು ಹೆಚ್ಚಾಗಿ ಫಿಲೆ ತೆಗೆಯುತ್ತಾರೆ. ಎರಡು ಪಕ್ಕದ ಮಾಂಸ ಇಟ್ಟುಕೊಂಡು ತಲೆ, ನಡುಮುಳ್ಳು, ಚರ್ಮ ಎಲ್ಲ ಕಸಕ್ಕೆ. ನಮ್ಮ ಹುಳಿಸಾರಿಗೆ ರುಚಿ ಬಿಡುವುದೇ ಆ ತಲೆ ಮತ್ತು ಮುಳ್ಳು. ಫಿಲೆಯನ್ನು ಸಾರಿಗೆ ಹಾಕಿದರೆ ಎರಡು ಕುದಿಗೆ ಪುಡಿಪುಡಿಯಾಗಿ ಮೀನೇ ಕಾಣುವುದಿಲ್ಲ. ಹಾಗಾಗಿ ಎರಡು ಚಾಕು ಬೇಕು, ಎರಡೇ ಸಾಕು. ಅಂಗಡಿಯಲ್ಲಿ ತೋರಿಸುವ ಹನ್ನೆರಡು ಸಾಮಾನಿನ ಪೆಟ್ಟಿಗೆ ಬೇಡ.

ಮೊದಲನೆಯದು ಫಿಲೆ ಚಾಕು. ಅಲಗು ಸಣ್ಣಗೆ, ಬಾಗುವಂತೆ ಇರಬೇಕು. ಬ್ಲೂಗಿಲ್, ಕ್ರ್ಯಾಪಿಯಂಥ ಅಂಗೈ ಅಗಲದ ಮೀನಿಗೆ 6 ಇಂಚು, ವಾಲೈ (walleye) ಅನ್ನುವ, ಅವಕ್ಕಿಂತ ದೊಡ್ಡ ಮೀನಿಗೆ 7 ಅಥವಾ 8 ಇಂಚು. ಒಂದೇ ಕೊಳ್ಳುವುದಾದರೆ 7ರದ್ದು ತಗೊಳ್ಳಿ. ಇದರಲ್ಲಿ ನಡುಮುಳ್ಳು ಕಡಿಯಬೇಡಿ, ಬಾಯಿ ಹೋಗುತ್ತದೆ. ಅದಕ್ಕೇ ಎರಡನೆಯದು, ದಪ್ಪ ಬೆನ್ನಿನ ಭಾರದ ಕತ್ತಿ. ಏಷ್ಯನ್ ಅಂಗಡಿಗಳಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. "ಅಣ್ಣಾ, ಊರಿಂದ ಈಳಿಗೆಮಣೆ ತರಲಾ?" ಅಂತ ಬರುವ ಮುಂಚೆಯೇ ಕೇಳುವವರಿದ್ದಾರೆ. ತನ್ನಿ, ತಪ್ಪೇನಿಲ್ಲ. ಅಲಗಿಗೆ ರಟ್ಟು ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲಕ್ಕಲ್ಲ. ಕೂತು ತುಂಡು ಮಾಡುವವರಿಗೆ ಅದರಷ್ಟು ಹದವಾದದ್ದು ಬೇರೆ ಇಲ್ಲ. ಆದರೆ ಫಿಲೆ ಅದರಲ್ಲಿ ಬರುವುದಿಲ್ಲ.

ಕರೆಂಟಿನ ಚಾಕು ನನಗೆ ಹಿಡಿಸಿಲ್ಲ. ಸಣ್ಣ ಮೀನು ರಾಶಿ ಬಿದ್ದಾಗ ಬೇಗ ಮುಗಿಯುತ್ತದೆ, ನಿಜ. ಕೈಗೆ ಮುಳ್ಳು ಗೊತ್ತಾಗುವುದಿಲ್ಲ, ಮಾಂಸ ಜಾಸ್ತಿ ಪೋಲಾಗುತ್ತದೆ.

ಹುರುಪೆ ತೆಗೆಯಲು ಊಟದ ಚಮಚ ಸಾಕು. ಬಾಲದಿಂದ ತಲೆಯ ಕಡೆಗೆ ಕೆರೆಯಿರಿ, ನೀರಿನಡಿ ಹಿಡಿದರೆ ಗೋಡೆಗೆಲ್ಲ ಹಾರುವುದಿಲ್ಲ. ಹೊಟ್ಟೆ ಸೀಳಿದ ಮೇಲೆ ನಡುಮುಳ್ಳಿಗೆ ಅಂಟಿದ ಕಪ್ಪು ರಕ್ತವನ್ನೂ ಅದೇ ಚಮಚದ ತುದಿಯಿಂದ ಕೆರೆಯಿರಿ. ಅದು ಉಳಿದರೆ ಸಾರು ವಾಸನೆ ಹೊಡೆಯುತ್ತದೆ. ಚಾಕು ಹಿಡಿಯದ ಕೈಗೆ, ಅಲಗಿಗೆ ಸುಲಭವಾಗಿ ಹರಿಯದ ನೂಲಿನ ಗ್ಲೌಸ್ ಹಾಕಿ. ಲೋಳೆಯ ಮೀನು ಜಾರುವುದು ಆ ಕೈಯಲ್ಲೇ.

ಇನ್ನು ಮೇಜು. ಚಾಕುವಿಗೆ ದುಡ್ಡು ಸುರಿಯುವವರು ಇದನ್ನು ಮರೆಯುತ್ತಾರೆ, ನನ್ನ ಪ್ರಕಾರ ಅರ್ಧ ಕೆಲಸ ಇದರದ್ದೇ. ಮಡಚುವ ಪ್ಲಾಸ್ಟಿಕ್ ಮೇಜುಗಳ ಎತ್ತರ ಸುಮಾರು 29 ಇಂಚು. ಅದು ಊಟಕ್ಕೆ ಕೂರುವ ಎತ್ತರ. ನಿಂತು ಬಗ್ಗಿ ಐದಾರು ಮೀನು ಮಾಡಿ ನೋಡಿ, ಸೊಂಟ ಹಿಡಿಯುತ್ತದೆ. ಅಡುಗೆಮನೆಯ ಕಟ್ಟೆಯ ಎತ್ತರ, ಅಂದರೆ 36 ಇಂಚು ಬೇಕು. ಮೇಜಿನ ನಾಲ್ಕೂ ಕಾಲಿಗೆ ಪಿವಿಸಿ ಪೈಪ್ ತುಂಡು ಸಿಕ್ಕಿಸಿದರೆ ಎತ್ತರ ಬರುತ್ತದೆ. ಒಂದು ಬದಿಯ ಎರಡು ಪೈಪು ಮಾತ್ರ ಅರ್ಧ ಇಂಚು ಹೆಚ್ಚು ಉದ್ದ ಇರಲಿ. ಆಗ ನೀರು ಇನ್ನೊಂದು ಬದಿಗೆ ಹರಿದು ಅಲ್ಲಿಟ್ಟ ಬಕೆಟ್ಟಿಗೆ ಬೀಳುತ್ತದೆ, ನಿಮ್ಮ ಚಪ್ಪಲಿಗಲ್ಲ. ಸಿಂಕು, ನಲ್ಲಿ ಇರುವ ರೆಡಿಮೇಡ್ ಮೇಜೂ ಬರುತ್ತದೆ. ತೋಟದ ಪೈಪನ್ನು ನೇರ ಅದಕ್ಕೇ ಹಾಕಬಹುದು. ಸ್ವಂತ ಮನೆ, ಹಿತ್ತಲು ಇದ್ದವರು ತಗೊಳ್ಳಲಿ.

ಮೇಜಿನ ಮೇಲೆ ಉದ್ದನೆಯ ಪ್ಲಾಸ್ಟಿಕ್ ಬೋರ್ಡ್, ಅದರಡಿ ಒದ್ದೆ ಬಟ್ಟೆ. ಬಾಲ ಕಚ್ಚಿ ಹಿಡಿಯುವ ಕ್ಲಿಪ್ ಇರುವ ಬೋರ್ಡ್ ಸಿಕ್ಕರೆ ಅದೇ ವಾಸಿ. ಕ್ಲಿಪ್ ಇಲ್ಲದಿದ್ದರೆ ಬಾಲಕ್ಕೆ ಕಲ್ಲುಪ್ಪು ಹಚ್ಚಿ ಹಿಡಿಯಿರಿ. ಊರಲ್ಲಿ ಬೂದಿ ಮಾಡುತ್ತಿದ್ದ ಕೆಲಸವನ್ನೇ ಉಪ್ಪು ಮಾಡುತ್ತದೆ. ಕೆಲಸ ಮುಗಿದ ಮೇಲೆ ಬೋರ್ಡನ್ನು ಸೋಪಿನಲ್ಲಿ ತೊಳೆದು, ಒಂದು ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ ವಾಸನೆಯಿಲ್ಲದ ಬ್ಲೀಚ್ ಹಾಕಿ ಅದರಲ್ಲಿ ಒರೆಸಿ.

ಫಿಲೆ ತೆಗೆಯುವುದು ಹೀಗೆ. ಕಿವಿರಿನ ಹಿಂದೆ, ಪಕ್ಕದ ರೆಕ್ಕೆಯ ಹಿಂದೆ ಓರೆಯಾಗಿ ನಡುಮುಳ್ಳು ತಾಗುವವರೆಗೆ ಕೊಯ್ಯಿರಿ. ಅಲ್ಲೇ ಅಲಗನ್ನು ಬಾಲದ ಕಡೆ ಮಲಗಿಸಿ ಮುಳ್ಳಿನ ಮೇಲೇ ಜಾರಿಸಿ. ಪಕ್ಕೆಲುಬು ದಾಟುವಾಗ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಸದ್ದು ನಿಂತಿತು ಅಂದರೆ ಪಕ್ಕೆಲುಬು ಮುಗಿಯಿತು, ಇಲ್ಲವೇ ಅಲಗು ಮೇಲೆದ್ದು ಮಾಂಸ ಕೊಯ್ಯುತ್ತಿದೆ. ಬಾಲದ ಹತ್ತಿರ ಪೂರ್ತಿ ಕತ್ತರಿಸದೆ ಮಾಂಸವನ್ನು ಮಗುಚಿ ಹಾಕಿ. ಈಗ ಚರ್ಮ ಬೋರ್ಡಿಗೆ, ಮಾಂಸ ಮೇಲೆ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಅಲಗನ್ನು ಎರಡರ ನಡುವೆ ಆಡಿಸಿ. ಕೊನೆಗೆ ಪಕ್ಕೆಲುಬು ಬಿಡಿಸಿ. ಹೀಗೆ ಚರ್ಮ ಸುಲಿಯುವುದಾದರೆ ಹುರುಪೆ ತೆಗೆಯುವ ಗೋಜೇ ಇಲ್ಲ.

ನಾರ್ದರ್ನ್ ಪೈಕ್ ಅನ್ನುವ ಉದ್ದ ಮೂತಿಯ ಮೀನಿಗೆ ಇಲ್ಲಿಯ ಎಷ್ಟೋ ಜನ ಮೂಗು ಮುರಿಯುತ್ತಾರೆ. ಬೆನ್ನಿನ ಮಾಂಸದೊಳಗೆ ಕವಲುಮುಳ್ಳಿನ ಸಾಲೇ ಇದೆ, ಅದಕ್ಕೆ. ಕಾಟ್ಲಾ, ರೋಹುಗಳಲ್ಲೂ ಅಂಥವೇ ಮುಳ್ಳು ಅಲ್ವಾ? ಅವನ್ನು ತಿಂದು ಬೆಳೆದ ನಾಲಿಗೆಗೆ ಇದು ಯಾವ ಲೆಕ್ಕ! ಹುರುಪೆ ತೆಗೆದು, ಭಾರದ ಕತ್ತಿಯಲ್ಲಿ ಒಂದಿಂಚು ದಪ್ಪದ ತುಂಡು ಮಾಡಿ ಸಾರಿಗೆ ಹಾಕಿ. ಪಕ್ಕದ ಮನೆಯವರು ಬೇಡ ಅಂದರೆ ಕೇಳಿ ಇಸಿದುಕೊಳ್ಳಿ. ತುಂಬಾ ದೊಡ್ಡ ಪೈಕ್, ವಾಲೈಗಳಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಬಸುರಿಯರಿಗೆ, ಮಕ್ಕಳಿಗೆ ಅವು ಬೇಡ.

ಕೆರೆ ದಂಡೆಯಲ್ಲೇ ಫಿಲೆ ತೆಗೆದು ಹೊರಡಬೇಡಿ. ಅಳತೆಯ ನಿಯಮ ಇರುವ ಕೆರೆಗಳಲ್ಲಿ ತಲೆ, ಬಾಲ ಸಮೇತ ಅಳೆಯುವಂತೆ ಮೀನು ಒಯ್ಯಬೇಕು. ಬೇರೆ ಕಡೆಯೂ ವಾಲೈಯಂಥ ಮೀನಿನ ಫಿಲೆಯ ಮೇಲೆ ಗುರುತಿಗೆ ಒಂದು ಚದರ ಇಂಚು ಚರ್ಮ ಹುರುಪೆ ಸಮೇತ ಇರಬೇಕು. ವಿವರ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಪ್ರತಿ ವರ್ಷ ಹೊರಡಿಸುವ ಪುಸ್ತಿಕೆಯಲ್ಲಿದೆ. ಇಡೀ ಮೀನನ್ನು ಐಸ್ ಪೆಟ್ಟಿಗೆಯಲ್ಲಿ ತಂದರೆ ತಲೆನೋವೇ ಇಲ್ಲ. ಕರುಳು, ತಲೆಗಳನ್ನು ನೀರಿಗೆ ಎಸೆಯುವುದೂ ತಪ್ಪು. ಕೆಲವು ಸ್ಟೇಟ್ ಪಾರ್ಕುಗಳಲ್ಲಿ ಮೀನು ತೊಳೆಯಲೆಂದೇ ಕಟ್ಟೆ, ನಲ್ಲಿ ಇವೆ.

ಅಳತೆಯ ನಿಯಮ ಇಲ್ಲದ ಮೀನಾದರೆ ಅಪಾರ್ಟ್‌ಮೆಂಟಿನವರು ಆ ಕಟ್ಟೆಯಲ್ಲೇ, ಗುರುತಿನ ಚರ್ಮ ಉಳಿಸಿ, ಮುಗಿಸಿಕೊಂಡು ಬರುವುದು ಒಳ್ಳೆಯದು. ಮನೆಯಲ್ಲೇ ಮಾಡುವುದಾದರೆ ಸಿಂಕಿನ ರುಬ್ಬುವ ಮೆಷಿನ್ನಿಗೆ ಹುರುಪೆ, ಚರ್ಮ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಕಸವನ್ನು ಪೇಪರಲ್ಲಿ ಸುತ್ತಿ, ಕವರಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಕಸದ ಗಾಡಿ ಬರುವ ದಿನ ಬೆಳಗ್ಗೆ ಹೊರಗಿಟ್ಟರಾಯಿತು. ಕವರಿನ ಮೇಲೆ ಏನಿದೆ ಅಂತ ಬರೆದಿಡಿ, ಮನೆಯವರು ಮೀನು ಅಂದುಕೊಂಡು ತೆಗೆದು ನೆನೆಸಿಟ್ಟಾರು.